ನೆರೆ, ಧರೆ ಕುಸಿತ, ಕಾಡಿನ ಬೆಂಕಿ: ಮಲೆನಾಡಿನ ಅಪಾಯದ ನಕ್ಷೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ, ಹೊಸನಗರ ಕಡೆಯ ಹಳ್ಳಿಗಳಲ್ಲಿ ಮಳೆಗಾಲಕ್ಕೆ ಮುಂಚೆ ಅಪಾಯದ ನಕ್ಷೆ ಮಾಡುವ ಕೆಲಸಕ್ಕೆ ಕೆಲವು ವರ್ಷಗಳಿಂದ ನಾನೂ ಕೈ ಹಾಕಿದ್ದೇನೆ. ಹೋದಲ್ಲೆಲ್ಲ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಉತ್ತರ ಒಂದೇ ಕಡೆ ಸಿಗಲಿ ಅಂತ ಇಲ್ಲಿ ಬರೆದಿಟ್ಟಿದ್ದೇನೆ.

ಅಪಾಯದ ನಕ್ಷೆ ಅಂದರೆ ಏನು?

ನೀರು ಎಲ್ಲಿ ನುಗ್ಗಬಹುದು, ಗುಡ್ಡ ಎಲ್ಲಿ ಜರಿಯಬಹುದು, ಬೆಂಕಿ ಎಲ್ಲಿ ಹಬ್ಬಬಹುದು ಅಂತ ಜಾಗ ಗುರುತು ಮಾಡಿ ತೋರಿಸುವ ನಕ್ಷೆ. ಆದರೆ ಬರೀ ಅಷ್ಟೇ ಆದರೆ ಅರ್ಧ ಕೆಲಸ. ಕಾಡಿನ ನಡುವೆ ಯಾರೂ ಇಲ್ಲದ ಕಡೆ ಗುಡ್ಡ ಜರಿದರೆ ಮರ ಹೋಗುತ್ತದೆ, ಜೀವ ಹೋಗುವುದಿಲ್ಲ. ಅದೇ ಗುಡ್ಡದ ಬುಡದಲ್ಲಿ ನಾಲ್ಕು ಮನೆ, ಒಂದು ಅಂಗನವಾಡಿ ಇದ್ದರೆ ಲೆಕ್ಕವೇ ಬೇರೆ. ಆ ನಾಲ್ಕರಲ್ಲಿ ಒಂದು ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜ ಇದ್ದು, ಮಕ್ಕಳೆಲ್ಲ ಬೆಂಗಳೂರಿನಲ್ಲಿದ್ದರೆ ಮತ್ತೂ ಬೇರೆ. ಹಾಗಾಗಿ ನಾವು ಮೂರು ಪದರ ಹಾಕುತ್ತೇವೆ. ಅಪಾಯ ಎಲ್ಲಿದೆ, ಅದರ ದಾರಿಯಲ್ಲಿ ಯಾರಿದ್ದಾರೆ, ಅವರಲ್ಲಿ ಎದ್ದು ಓಡಲು ಆಗದವರು ಯಾರು. ಮೂರನೆಯ ಪದರವನ್ನೇ ಜನ ಮರೆಯುವುದು ಜಾಸ್ತಿ.

ಹಾಗಾದರೆ ಮಾಡೆಲ್ ಅಂದರೆ?

"ಇಷ್ಟು ಮಳೆ ಬಂದರೆ ಏನಾಗುತ್ತದೆ?" ಅಂತ ಕೇಳಿ ಉತ್ತರ ಪಡೆಯುವ ಲೆಕ್ಕ. ಶಿವಮೊಗ್ಗದವರಿಗೆ ಇದು ಹೊಸದಲ್ಲ. ಜುಲೈನಲ್ಲಿ ನಾಲ್ಕು ದಿನ ಮಳೆ ಹಿಡಿದು ಹೊಡೆದರೆ ಊರಿಡೀ ಒಂದೇ ಮಾತು: "ಕೋರ್ಪಲಯ್ಯನ ಛತ್ರದ ಮಂಟಪ ಮುಳುಗಿತಾ?" ತುಂಗೆಯ ದಡದ ಆ ಮಂಟಪ ಇದ್ದ ಜಾಗದಲ್ಲೇ ಇದೆ, ಅದರ ಎತ್ತರ ಬದಲಾಗುವುದಿಲ್ಲ. ನೀರು ಅದರ ಮೇಲೆ ಬಂದರೆ ಮುಂದೆ ಯಾವ ಬೀದಿ ಅಂತ ಹಳಬರಿಗೆ ಗೊತ್ತು. ತೀರ್ಥಹಳ್ಳಿಯವರು ಹೊಳೆಯ ನಡುವಿನ ರಾಮ ಮಂಟಪ ನೋಡಿ ಹೇಳುವುದೂ ಇದನ್ನೇ. ಕಂಪ್ಯೂಟರ್ ಮಾಡೆಲ್ ಇದೇ ಕೆಲಸವನ್ನು ಅಂಕಿಯಲ್ಲಿ ಮಾಡುತ್ತದೆ. ಜೊತೆಗೆ, ನಮ್ಮ ಜೀವಮಾನದಲ್ಲಿ ಯಾರೂ ನೋಡದಷ್ಟು ನೀರು ಬಂದರೆ ಏನಾದೀತು ಅಂತಲೂ ಕೇಳಬಹುದು. ಮಂಟಪ ಆ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ.

ತುಂಗೆ ನೀರು ಎಲ್ಲಿಯವರೆಗೆ ಬರುತ್ತದೆ ಅಂತ ಲೆಕ್ಕ ಹಾಕುವುದು ಹೇಗೆ?

ಮೊದಲು ಮಳೆ. ಶಿವಮೊಗ್ಗದಲ್ಲಿ ಬಿಸಿಲಿದ್ದರೂ ತುಂಗೆ ತುಂಬಿ ಬರಬಹುದು. ಯಾಕೆಂದರೆ ನದಿಗೆ ನೀರು ಕೊಡುವುದು ಶೃಂಗೇರಿ, ಆಗುಂಬೆ, ತೀರ್ಥಹಳ್ಳಿ ಕಡೆಯ ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ. ದಾಟುತ್ತದೆ, ಶಿವಮೊಗ್ಗ ನಗರದಲ್ಲಿ ಸಾವಿರದ ಆಸುಪಾಸು. ಒಂದೇ ಜಿಲ್ಲೆ, ಏಳು ಪಟ್ಟು ವ್ಯತ್ಯಾಸ. ಅದಕ್ಕೇ ನಗರದ ಮಳೆಮಾಪಕ ನೋಡಿ ನದಿಯ ಲೆಕ್ಕ ಹಾಕಬಾರದು.

ಆಮೇಲೆ ನೆಲ. ಒಂದು ಎಕರೆ ತೋಟದ ಮೇಲೆ 100 ಮಿ.ಮೀ. ಮಳೆ ಬಿದ್ದರೆ ಅದು ಸುಮಾರು 4 ಲಕ್ಷ ಲೀಟರ್ ನೀರು. 5000 ಲೀಟರಿನ ಟ್ಯಾಂಕರ್ ಆದರೆ 80 ಟ್ಯಾಂಕರ್. ಜೂನ್ ಶುರುವಿನಲ್ಲಿ ಒಣ ಮಣ್ಣು ಇದರಲ್ಲಿ ಎಷ್ಟೋ ಪಾಲು ಕುಡಿಯುತ್ತದೆ. ಜುಲೈ ಕೊನೆಗೆ ಮಣ್ಣಿಗೆ ಹೊಟ್ಟೆ ತುಂಬಿರುತ್ತದೆ, ಬಿದ್ದದ್ದು ಬಿದ್ದ ಹಾಗೆ ಹಳ್ಳಕ್ಕೆ ಇಳಿಯುತ್ತದೆ. ಅಷ್ಟೇ ಮಳೆ, ಆದರೆ ನದಿಗೆ ಬರುವ ನೀರು ಎರಡು ತಿಂಗಳಲ್ಲಿ ಬೇರೆಯೇ ಆಗಿಬಿಡುತ್ತದೆ.

ಮೂರನೆಯದು ನದಿಯ ಆಕಾರ. ದಡದಿಂದ ದಡಕ್ಕೆ ಅಗಲ ಎಷ್ಟು, ಆಳ ಎಷ್ಟು, ಸೇತುವೆ ಕಂಬ ಎಲ್ಲಿದೆ, ದಂಡೆಯಲ್ಲಿ ಪೊದೆ ಬೆಳೆದಿದೆಯಾ. ಪೊದೆ, ಕಸ, ಮಣ್ಣು ತುಂಬಿದ ಕಡೆ ನೀರಿನ ವೇಗ ಕಡಿಮೆಯಾಗಿ ಮಟ್ಟ ಏರುತ್ತದೆ.

ಇನ್ನೊಂದನ್ನು ಜನ ಗಮನಿಸುವುದಿಲ್ಲ. ನೀರು ದಡ ಹಾರಿಯೇ ಬರಬೇಕು ಅಂತಿಲ್ಲ. ನದಿ ಮಟ್ಟ ಏರಿದಾಗ ಊರಿನ ಚರಂಡಿ ನೀರು ನದಿಗೆ ಇಳಿಯಲು ಜಾಗವಿರುವುದಿಲ್ಲ. ಅದು ಹಿಂದಕ್ಕೆ ಒತ್ತಿಕೊಂಡು ಬಂದು ಮನೆಯ ಬಚ್ಚಲಿನಲ್ಲಿ ಏಳುತ್ತದೆ. ನದಿ ಕಣ್ಣಿಗೇ ಕಾಣದ ಮನೆಯೊಳಗೂ ಮೊಣಕಾಲುದ್ದ ನೀರು ನಿಲ್ಲುವುದು ಹೀಗೆ.

2019ರ ಆಗಸ್ಟ್‌ನಲ್ಲಿ ಶಿವಮೊಗ್ಗದ ಕುಂಬಾರಗುಂಡಿಯಂಥ ನದಿ ಪಕ್ಕದ ತಗ್ಗು ಪ್ರದೇಶಗಳಿಗೆ ನೀರು ನುಗ್ಗಿತಲ್ಲ, ಅಂಥ ನೆರೆಯೇ ಮಾಡೆಲ್‌ಗೆ ಪರೀಕ್ಷೆ. ಆ ದಿನಗಳ ಮಳೆ ಕೊಟ್ಟು ಓಡಿಸಿದಾಗ, ಗೋಡೆಯ ಮೇಲೆ ಉಳಿದ ಕೆಸರಿನ ಗೆರೆಗೆ ಲೆಕ್ಕ ಸರಿ ಹೊಂದಬೇಕು. ಹೊಂದದಿದ್ದರೆ ಮತ್ತೆ ತಿದ್ದಬೇಕು. ದಯವಿಟ್ಟು ಆ ಗೆರೆಗೆ ಸುಣ್ಣ ಹೊಡೆಯುವ ಮುಂಚೆ ಪಕ್ಕದಲ್ಲಿ ಒಂದು ಟೇಪ್ ಹಿಡಿದು ಫೋಟೋ ತೆಗೆದಿಡಿ. ಲಕ್ಷಗಟ್ಟಲೆ ಖರ್ಚು ಮಾಡಿದರೂ ಆಮೇಲೆ ಅದು ಸಿಗುವುದಿಲ್ಲ.

ಗಾಜನೂರು ಡ್ಯಾಂ ಇದೆಯಲ್ಲ, ನೀರು ಹಿಡಿದಿಡಬಹುದು ಅಲ್ವಾ?

ಹಿಡಿದಿಡಲು ಜಾಗವಿಲ್ಲ. ಗಾಜನೂರಿನ ತುಂಗಾ ಜಲಾಶಯದ ಸಾಮರ್ಥ್ಯ 3.24 ಟಿಎಂಸಿ ಮಾತ್ರ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಭದ್ರಾ ಸುಮಾರು 71.5, ಲಿಂಗನಮಕ್ಕಿ 151ರ ಹತ್ತಿರ. ಒಳಹರಿವು 60,000 ಕ್ಯುಸೆಕ್, ಅಂದರೆ ಸೆಕೆಂಡಿಗೆ 60,000 ಘನ ಅಡಿ ಇದ್ದರೆ ಗಾಜನೂರು ಪೂರ್ತಿ ಖಾಲಿ ಇದ್ದರೂ 15 ಗಂಟೆಯಲ್ಲಿ ತುಂಬುತ್ತದೆ. ಮಳೆಗಾಲ ಶುರುವಾದ ಸ್ವಲ್ಪ ದಿನಕ್ಕೇ ಅದು ತುಂಬಿರುತ್ತದೆ, ಆಮೇಲೆ ಬಂದಷ್ಟನ್ನು ಬಿಡಲೇಬೇಕು. ಹಾಗಾಗಿ "ಡ್ಯಾಂನವರು ನೀರು ಬಿಟ್ಟು ಮುಳುಗಿಸಿದರು" ಅನ್ನುವ ಮಾತು ತುಂಗೆಯ ವಿಷಯದಲ್ಲಿ ಅಷ್ಟಾಗಿ ಹೊಂದುವುದಿಲ್ಲ. ಪೇಪರಿನಲ್ಲಿ ಬರುವ ಒಳಹರಿವಿನ ಅಂಕಿಯನ್ನೇ ನೋಡಿ. ತೀರ್ಥಹಳ್ಳಿಯಲ್ಲಿ ಹೊಳೆ ಏರುತ್ತಿದ್ದರೆ ಶಿವಮೊಗ್ಗಕ್ಕೆ ಅದೇ ಮುನ್ಸೂಚನೆ. ಕೂಡ್ಲಿಯಲ್ಲಿ ಭದ್ರೆಯೂ ಸೇರುವುದರಿಂದ ಹೊನ್ನಾಳಿ ಕಡೆಯವರು ಎರಡೂ ಡ್ಯಾಂಗಳ ಹೊರಹರಿವು ನೋಡಬೇಕು.

ಡ್ಯಾಂ ಒಡೆದರೆ ಅನ್ನುವುದಕ್ಕೂ ನಕ್ಷೆ ಇರುತ್ತದಾ?

ಇರಬೇಕು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ದೊಡ್ಡ ಅಣೆಕಟ್ಟುಗಳಿಗೆ ತುರ್ತು ಕ್ರಿಯಾ ಯೋಜನೆ ಕಡ್ಡಾಯ ಮಾಡಿದೆ. ಒಡೆದರೆ ಯಾವ ಊರಿಗೆ ಎಷ್ಟು ಹೊತ್ತಿನಲ್ಲಿ ಎಷ್ಟು ನೀರು ಬರುತ್ತದೆ ಅನ್ನುವ ಮುಳುಗಡೆ ನಕ್ಷೆ ಆ ಯೋಜನೆಯ ಜೀವಾಳ. ನಕ್ಷೆ ಇದೆ ಅಂದ ಮಾತ್ರಕ್ಕೆ ಡ್ಯಾಂ ಒಡೆಯುತ್ತದೆ ಅಂತಲ್ಲ. ಹೆದರಬೇಡಿ.

"100 ವರ್ಷಕ್ಕೊಮ್ಮೆ ಬರುವ ನೆರೆ" ಅಂತಾರೆ. 2019ರಲ್ಲಿ ಬಂದು ಹೋಯಿತಲ್ಲ, ಇನ್ನು ನಮ್ಮ ಕಾಲಕ್ಕೆ ಬರಲ್ಲ ತಾನೆ?

ಇದು ಹೆಸರಿನಿಂದ ಆದ ಎಡವಟ್ಟು. ಅದರ ಅರ್ಥ, ಪ್ರತಿ ವರ್ಷವೂ ಅಷ್ಟು ದೊಡ್ಡ ನೆರೆ ಬರುವ ಸಾಧ್ಯತೆ ನೂರರಲ್ಲಿ ಒಂದು ಅಂತ. ಚೌಕಾಬಾರದಲ್ಲಿ ಈಗಷ್ಟೇ ಎಂಟು ಬಿತ್ತು ಅಂತ ಮುಂದಿನ ಸಲ ಕವಡೆ ಎಂಟು ಕೊಡಬಾರದು ಅಂತೇನಿಲ್ಲ ಅಲ್ವಾ? ಹಾಗೆಯೇ ಇದು. ನದಿ ಪಕ್ಕ ಮನೆ ಕಟ್ಟಿ 30 ವರ್ಷ ಇದ್ದರೆ ಅಂಥ ನೆರೆಯನ್ನು ಒಮ್ಮೆಯಾದರೂ ಕಾಣುವ ಸಾಧ್ಯತೆ ನೂರಕ್ಕೆ 26. ನಾಲ್ಕರಲ್ಲಿ ಒಂದಕ್ಕಿಂತ ಜಾಸ್ತಿಯೇ. ಮಳೆಯ ರೀತಿ ಬದಲಾಗುತ್ತಿರುವಾಗ ಹಳೇ ದಾಖಲೆ ನಂಬಿ ಹಾಕಿದ ಈ ಲೆಕ್ಕವನ್ನು ಆಗಾಗ ಹೊಸದಾಗಿ ಹಾಕಬೇಕು.

ಗುಡ್ಡ ಕುಸಿತವನ್ನು ಮೊದಲೇ ಹೇಳಬಹುದಾ?

ಎಲ್ಲಿ ಅಂತ ಒಂದು ಮಟ್ಟಿಗೆ ಹೇಳಬಹುದು. ಯಾವಾಗ ಅಂತ ಹೇಳುವುದು ಬಹಳ ಕಷ್ಟ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ದೇಶದ ಗುಡ್ಡಗಾಡಿಗೆಲ್ಲ 1:50,000 ಅಳತೆಯಲ್ಲಿ (ನಕ್ಷೆಯ ಒಂದು ಸೆಂ.ಮೀ. ಅಂದರೆ ನೆಲದ ಅರ್ಧ ಕಿ.ಮೀ.) ಭೂಕುಸಿತದ ನಕ್ಷೆ ಮಾಡಿದ್ದಾರೆ. ಇಳಿಜಾರು, ಮಣ್ಣಿನ ದಪ್ಪ, ಕಲ್ಲಿನ ಜಾತಿ, ಹಳ್ಳದ ಹತ್ತಿರ, ಮರ ಇದೆಯಾ, ರಸ್ತೆ ಕೊರೆದಿದ್ದಾರಾ ಎಲ್ಲ ಸೇರಿಸಿ ಜಾಸ್ತಿ, ಮಧ್ಯಮ, ಕಡಿಮೆ ಅಂತ ಬಣ್ಣ ಹಾಕುತ್ತಾರೆ. ಇದು "ಎಲ್ಲಿ"ಯ ಉತ್ತರ.

"ಯಾವಾಗ"ಕ್ಕೆ ಮಳೆಯ ಲೆಕ್ಕ ಬೇಕು, ಅದೂ ಒಂದು ದಿನದ್ದಲ್ಲ. ಆರಿದ್ರೆ, ಪುನರ್ವಸು ಮಳೆ ಎರಡೂ ಚೆನ್ನಾಗಿ ಹೊಡೆದು ಮಣ್ಣು ನೆನೆದು ಕೂತಿರುವಾಗ ಪುಷ್ಯದಲ್ಲಿ (ಜುಲೈ ಕೊನೆಗೆ) ಒಂದೇ ದಿನ 150 ಮಿ.ಮೀ. ಬಿದ್ದರೆ ಅದು ಅಪಾಯದ ಮಳೆ. ಜೂನ್ ಮೊದಲ ವಾರದಲ್ಲಿ ಅಷ್ಟೇ ಬಿದ್ದರೆ ಗುಡ್ಡ ತಡೆದುಕೊಳ್ಳಬಹುದು. ಮಣ್ಣಿನ ಕಣಗಳ ನಡುವೆ ನೀರು ತುಂಬಿ ಒಳಗಿಂದ ಒತ್ತಡ ಹಾಕುತ್ತದೆ. ಒಂದಕ್ಕೊಂದು ಕಚ್ಚಿಕೊಂಡಿದ್ದ ಕಣಗಳು ಬಿಡುತ್ತವೆ. ಮೇಲಿಂದ ನೀರಿನ ಭಾರ ಬೇರೆ. ಹಾಗಾಗಿ ಮಾಡೆಲ್ ಮಾಡುವವರು ಇವತ್ತಿನ ಮಳೆಯ ಜೊತೆ ಹಿಂದಿನ ಹತ್ತಿಪ್ಪತ್ತು ದಿನದ ಮಳೆಯನ್ನೂ ಕೂಡಿಸಿ ನೋಡುತ್ತಾರೆ.

2018ರ ಆಗಸ್ಟ್‌ನಲ್ಲಿ ಕೊಡಗು, 2024ರ ಜುಲೈನಲ್ಲಿ ಅಂಕೋಲಾದ ಶಿರೂರು, ಅದೇ ತಿಂಗಳ ಕೊನೆಗೆ ವಯನಾಡು. ಜಾಗ ಬೇರೆ ಬೇರೆ, ಕಾರಣಗಳ ತೂಕವೂ ಬೇರೆ ಬೇರೆ. ಆದರೆ ನೆನೆದ ಮಣ್ಣಿನ ಮೇಲೆ ಬಿದ್ದ ಜೋರು ಮಳೆ ಮೂರರಲ್ಲೂ ಇದೆ.

ನಕ್ಷೆಯಲ್ಲಿ ನಮ್ಮ ಜಾಗ "ಕಡಿಮೆ" ಅಂತಿತ್ತು. ಆದರೂ ಮನೆ ಹಿಂದಿನ ಧರೆ (ಗುಡ್ಡ ಕಡಿದಾಗ ಉಳಿಯುವ ಮಣ್ಣಿನ ಗೋಡೆ) ಜರಿಯಿತು. ನಕ್ಷೆ ಸುಳ್ಳಾ?

ಇದು ನನಗೂ ಆಗಿದೆ. ಒಂದು ಆಶ್ಲೇಷಾ ಮಳೆಯ ಬೆಳಗಿನ ಜಾವ ನಮ್ಮ ಬಚ್ಚಲುಮನೆ ಹಿಂದೆ ಗೋಣಿಚೀಲ ಎಳೆದ ಹಾಗೆ ಒಂದು ಸದ್ದು. ಬ್ಯಾಟರಿ ಹಿಡಿದು ಹೋದರೆ ಸೌದೆ ಕೊಟ್ಟಿಗೆ ಇದ್ದ ಕಡೆ ಕೆಂಪು ಮಣ್ಣಿನ ರಾಶಿ. ಅದರ ಮೇಲೆ ನೆಟ್ಟಗೆ ನಿಂತ ಒಂದು ಅಡಿಕೆ ಮರ. ಮೇಲಿನ ತೋಟದಲ್ಲಿದ್ದ ಮರ ನಿಂತಹಾಗೇ ಇಳಿದು ಬಂದಿತ್ತು. ಎರಡು ದಿನ ಮೊದಲೇ ಧರೆಯ ಬುಡದಲ್ಲಿ ಹೊಸದಾಗಿ ಜಲ ಎದ್ದಿತ್ತು. ನೋಡಿದ್ದೆವು, ಸುಮ್ನೆ ಬಿಟ್ಟಿದ್ದೆವು.

ನಕ್ಷೆ ಸುಳ್ಳಲ್ಲ, ಅದರ ಕಣ್ಣಿಗೆ ಅಷ್ಟು ಸಣ್ಣದು ಕಾಣಿಸುವುದಿಲ್ಲ. ಸುಲಭವಾಗಿ ಸಿಗುವ ಉಪಗ್ರಹದ ಎತ್ತರದ ಮಾಹಿತಿಯಲ್ಲಿ ಒಂದೊಂದು ಚೌಕ 30 ಮೀಟರ್. ಅಂದರೆ ಸುಮಾರು ಒಂಬತ್ತು ಗುಂಟೆ. ನಮ್ಮ ಮನೆ, ಅಂಗಳ, ಕೊಟ್ಟಿಗೆ, ಧರೆ ಎಲ್ಲ ಸೇರಿ ಒಂದೇ ಚೌಕ, ಅದಕ್ಕೆ ಒಂದೇ ಎತ್ತರ. ಇಪ್ಪತ್ತು ಅಡಿ ನೆಟ್ಟಗೆ ಕಡಿದ ಧರೆ ಅದರಲ್ಲಿ ಇಲ್ಲವೇ ಇಲ್ಲ. ಮಲೆನಾಡಿನಲ್ಲಿ ಮನೆ, ರಸ್ತೆ ಅಂತ ಕಡಿದ ಧರೆಗಳೇ ಪದೇ ಪದೇ ಜರಿಯುವುದು. ಅವುಗಳನ್ನು ಕಾಲ್ನಡಿಗೆಯಲ್ಲಿ ಹೋಗಿ, ನೋಡಿ, ಕೈಯಾರೆ ನಕ್ಷೆಗೆ ಸೇರಿಸಬೇಕು. ಬೇರೆ ದಾರಿಯಿಲ್ಲ.

ನಮ್ಮ ಮನೆ ಕೆಂಪು ಬಣ್ಣದಲ್ಲಿದೆ. ಖಾಲಿ ಮಾಡಬೇಕಾ?

ಕೆಂಪು ಅಂದರೆ ಖಾಲಿ ಮಾಡಿ ಅಂತ ಆದೇಶವಲ್ಲ, ಮೊದಲು ಇಲ್ಲಿ ಬಂದು ನೋಡಿ ಅಂತ ಅರ್ಥ. ಧರೆಯ ನೆತ್ತಿಯ ಮೇಲೆ ಕಾಲುವೆ ತೆಗೆದು ನೀರನ್ನು ಪಕ್ಕಕ್ಕೆ ತಿರುಗಿಸಿ. ಮಾಡಿನ ನೀರು ಧರೆಗೆ ಬೀಳದ ಹಾಗೆ ನೋಡಿಕೊಳ್ಳಿ. ಲಾವಂಚ ನೆಡಿ, ಬೇರು ಆಳಕ್ಕೆ ಇಳಿದು ಮಣ್ಣು ಹಿಡಿಯುತ್ತದೆ. ಜೋರು ಮಳೆಯ ರಾತ್ರಿಗಳಲ್ಲಿ ಧರೆ ಕಡೆಯ ಕೋಣೆಯಲ್ಲಿ ಮಲಗಬೇಡಿ. ಇದೊಂದೇ ಎಷ್ಟೋ ಜೀವ ಉಳಿಸುತ್ತದೆ ಅಂತ ನಾನು ಬಲವಾಗಿ ನಂಬಿದ್ದೇನೆ. ನೆಲದಲ್ಲಿ ಹೊಸ ಬಿರುಕು, ವಾಲಿದ ಮರ, ಇಲ್ಲದ ಕಡೆ ಎದ್ದ ಜಲ, ತಿಳಿಯಾಗಿದ್ದ ಒರತೆ ಕೆಂಪಾಗುವುದು, ಮಳೆ ಸುರಿಯುತ್ತಿದ್ದರೂ ಹಳ್ಳದ ನೀರು ದಿಢೀರ್ ಕಡಿಮೆಯಾಗುವುದು, ಇವು ಕಂಡರೆ ಕಾಯಬೇಡಿ. ಹೊರಡಿ. ಕೊನೆಯದಂತೂ ಮೇಲೆ ಎಲ್ಲೋ ಮಣ್ಣು ಹಳ್ಳಕ್ಕೆ ಅಡ್ಡ ಬಿದ್ದಿರುವ ಲಕ್ಷಣ.

ಕೆಂಪು ಬಣ್ಣ ಬಂದರೆ ಜಾಗದ ಬೆಲೆ ಬೀಳುತ್ತದೆ ಅನ್ನುವ ಭಯ ನಿಜವಾದದ್ದೇ. ಎಷ್ಟೋ ಕಡೆ "ನಮ್ಮ ಸರ್ವೆ ನಂಬರ್ ಹಾಕಬೇಡಿ" ಅಂತ ಕೇಳಿಕೊಂಡಿದ್ದಾರೆ. ನನಗೆ ಅವರ ಕಷ್ಟ ಅರ್ಥವಾಗುತ್ತದೆ. ಆದರೆ ನಕ್ಷೆಯಿಂದ ಅಳಿಸಿದರೆ ಧರೆ ಅಲ್ಲಿಂದ ಹೋಗುವುದಿಲ್ಲ. ಮುಂದೆ ಆ ಜಾಗ ಕೊಂಡು ಮನೆ ಕಟ್ಟುವವರಿಗೂ ಮಕ್ಕಳಿರುತ್ತಾರೆ.

ಮಂಗನ ಕಾಯಿಲೆಗೂ ನಕ್ಷೆಗೂ ಏನು ಸಂಬಂಧ?

ತುಂಬಾ ಸಂಬಂಧವಿದೆ. ಈ ಕಾಯಿಲೆ ಮೊದಲು ಗೊತ್ತಾಗಿದ್ದೇ ನಮ್ಮ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2018ರ ಕೊನೆಗೆ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಶುರುವಾಗಿ ಜನ ಎಷ್ಟು ಕಷ್ಟಪಟ್ಟರು ಅನ್ನುವುದು ಇನ್ನೂ ಮರೆತಿಲ್ಲ. ಇದು ಉಣುಗು (ರಕ್ತ ಹೀರುವ ಸಣ್ಣ ಹುಳ) ಕಚ್ಚಿ ಬರುವ ಕಾಯಿಲೆ. ಮಂಗ ಸತ್ತು ಬಿದ್ದ ಮೇಲೆ ಅದರ ಮೈಮೇಲಿದ್ದ ಉಣುಗು ಇಳಿದು ಸುತ್ತಲಿನ ತರಗೆಲೆಯಲ್ಲಿ ಸೇರುತ್ತದೆ. ಹಾಗಾಗಿ ಸತ್ತ ಮಂಗ ಸಿಕ್ಕ ಒಂದೊಂದು ಜಾಗವೂ ನಕ್ಷೆಯ ಮೇಲೆ ಒಂದು ಚುಕ್ಕಿ. ಚುಕ್ಕಿಗಳು ಯಾವ ಕಡೆ ಸಾಲಾಗುತ್ತಿವೆ ಅಂತ ನೋಡಿದರೆ ಮುಂದೆ ಯಾವ ಊರಿನವರು ಎಚ್ಚರ ಇರಬೇಕು ಅಂತ ತಿಳಿಯುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಮರಿ ಉಣುಗಿನ ಕಾಟ ಜಾಸ್ತಿ. ದರಗು (ಒಣ ಎಲೆ) ಗುಡಿಸಲು, ಸೌದೆ ತರಲು ಕಾಡಿಗೆ ಹೋಗುವ ಕಾಲವೂ ಅದೇ. ದರಗು ತರುವ ದಾರಿಗಳನ್ನೂ ನಕ್ಷೆಗೆ ಹಾಕಿದರೆ ಯಾವ ದಾರಿ ಬಿಡಬೇಕು ಅಂತ ಹೆಂಗಸರಿಗೆ ಸರಿಯಾಗಿ ಹೇಳಬಹುದು. ಸತ್ತ ಮಂಗ ಕಂಡರೆ ಮುಟ್ಟಬೇಡಿ, ಆಶಾ ಕಾರ್ಯಕರ್ತೆಗೆ ತಿಳಿಸಿ.

ಕಾಡಿನ ಬೆಂಕಿಯನ್ನು ಉಪಗ್ರಹ ನೋಡುತ್ತದಂತೆ?

ನೋಡುತ್ತದೆ. ಭಾರತೀಯ ಅರಣ್ಯ ಸರ್ವೇಕ್ಷಣೆಯವರು ಆ ಮಾಹಿತಿಯನ್ನು ಅರಣ್ಯ ಇಲಾಖೆಯವರ ಮೊಬೈಲಿಗೆ ಕಳಿಸುತ್ತಾರೆ. ಆದರೆ ಉಪಗ್ರಹ ದಿನಕ್ಕೆ ಕೆಲವೇ ಸಲ ಹಾದು ಹೋಗುತ್ತದೆ. ಅದರ ಒಂದು ಚೌಕ 375 ಮೀಟರ್, ಅಂದರೆ ಸುಮಾರು 35 ಎಕರೆ. ಬ್ಯಾಣಕ್ಕೆ (ಹುಲ್ಲುಗಾವಲಿಗೆ) ಬಿದ್ದ ಬೆಂಕಿಯ ಹೊಗೆಯನ್ನು ನೀವೇ ಮೊದಲು ನೋಡುತ್ತೀರಿ. ಫೋನ್ ಮಾಡಿ.

ಭೂಕಂಪ?

ನಮ್ಮಲ್ಲಿ ಅದರ ಅಪಾಯ ಕಡಿಮೆ. 2021ರ ಜನವರಿ 21ರ ರಾತ್ರಿ ಭೂಕಂಪ ಅಂದುಕೊಂಡು ಎಲ್ಲರೂ ಮನೆಯಿಂದ ಹೊರಗೆ ಓಡಿ ಬಂದದ್ದು ನೆನಪಿರಬಹುದು. ಅದು ಶಿವಮೊಗ್ಗ ಹತ್ತಿರದ ಹುಣಸೋಡಿನಲ್ಲಿ ಆದ ಸ್ಫೋಟಕಗಳ ಸ್ಫೋಟ. ಕ್ವಾರಿ, ಗ್ಯಾಸ್ ಗೋಡೌನ್, ಪೆಟ್ರೋಲ್ ಬಂಕ್ ಇವೂ ಅಪಾಯದ ನಕ್ಷೆಯಲ್ಲಿ ಇರಬೇಕು ಅನ್ನುವುದು ಅದಕ್ಕೇ.

ಇವನ್ನೆಲ್ಲ ಎಲ್ಲಿ ನೋಡಬಹುದು?

ಭೂಕುಸಿತದ ನಕ್ಷೆ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕೋಶ್ ತಾಣದಲ್ಲಿದೆ. ಉಪಗ್ರಹ ಚಿತ್ರ ಇಸ್ರೋದ ಭುವನ್‌ನಲ್ಲಿ. ನಿಂತ ಜಾಗದ ಸರ್ವೆ ನಂಬರ್ ದಿಶಾಂಕ್ ಆ್ಯಪ್‌ನಲ್ಲಿ ಗೊತ್ತಾಗುತ್ತದೆ. ನದಿ ಮಟ್ಟಕ್ಕೆ ಕೇಂದ್ರ ಜಲ ಆಯೋಗದ ಫ್ಲಡ್‌ವಾಚ್ ಇಂಡಿಯಾ ಇದೆ. ಮಳೆಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಅವರ ಮಳೆಮಾಪಕಗಳು ಗ್ರಾಮ ಪಂಚಾಯ್ತಿ ಮಟ್ಟದಲ್ಲಿವೆ, ತಾವಾಗಿಯೇ ಅಂಕಿ ಕಳಿಸುತ್ತವೆ. ಹವಾಮಾನ ಇಲಾಖೆಯ ಮಾತಿನಲ್ಲಿ "ಭಾರೀ ಮಳೆ" ಅಂದರೆ 24 ಗಂಟೆಯಲ್ಲಿ 64.5 ಮಿ.ಮೀ.ನಿಂದ ಮೇಲೆ, "ಅತಿ ಭಾರೀ" 115.6ರಿಂದ ಮೇಲೆ, 204.4 ದಾಟಿದರೆ "ಅತ್ಯಂತ ಭಾರೀ". ಸ್ವಂತ ನಕ್ಷೆ ಮಾಡಬೇಕೆನ್ನುವವರು ಕ್ಯೂಜಿಐಎಸ್ ಅನ್ನುವ ಸಾಫ್ಟ್‌ವೇರ್ ಕಲಿಯಿರಿ, ನೆರೆಯ ಮಾಡೆಲ್‌ಗೆ ಹೆಕ್-ರಾಸ್ ಅನ್ನುವ ಸಾಫ್ಟ್‌ವೇರ್. ಎರಡಕ್ಕೂ ದುಡ್ಡು ಕೊಡಬೇಕಿಲ್ಲ.

ಇಷ್ಟೆಲ್ಲ ಇರುವಾಗ ಊರಿನವರನ್ನು ಕೂರಿಸಿ ಮತ್ತೆ ನಕ್ಷೆ ಮಾಡುವುದು ಯಾಕೆ?

ಒಂದು ದಿನ ನಡೆದದ್ದು ಹೇಳುತ್ತೇನೆ. ಮೇ ತಿಂಗಳು, ಶಾಲೆಯ ಕೋಣೆ, ನೆಲದ ಮೇಲೆ ನಾಲ್ಕು ಡ್ರಾಯಿಂಗ್ ಶೀಟ್ ಅಂಟಿಸಿ ಹಾಸಿದ್ದೆವು. ಹುಡುಗರು ನೀಲಿ ಸ್ಕೆಚ್ ಪೆನ್ನಿನಲ್ಲಿ ಹಳ್ಳ ಬರೆದರು, ಕಾಲುಸಂಕಗಳಿಗೆ (ಹಳ್ಳ ದಾಟುವ ಸಣ್ಣ ಸೇತುವೆ) ಕಪ್ಪು ಗುರುತು ಹಾಕಿದರು. ಅದೇ ಶಾಲೆಗೆ ಹಸಿರು ವೃತ್ತ, ಯಾಕೆಂದರೆ ನೆರೆ ಬಂದರೆ ಅದೇ ಕಾಳಜಿ ಕೇಂದ್ರ. ಮೂಲೆಯಲ್ಲಿ ಎಲೆ ಅಡಿಕೆ ಹಾಕುತ್ತ ಕೂತಿದ್ದ ಅಜ್ಜಿ ಎದ್ದು ಬಂದು ಬಗ್ಗಿ ನೋಡಿದರು.

"ತಮ್ಮಾ, ಇದು ಶಾಲೆನಾ?"

"ಹೌದು ಅಜ್ಜಿ."

"ನಾನು ಮದುವೆಯಾಗಿ ಬಂದಾಗ ಇಲ್ಲಿ ಶಾಲೆ ಇರ್ಲಿಲ್ಲ. ನಮ್ಮ ಮಾವ ಇಲ್ಲೇ ಸಸಿಮಡಿ ಮಾಡ್ತಿದ್ರು. ಹಳ್ಳ ಈ ಬದಿಗೇ ಇತ್ತು, ಮಡಿಗೆ ನೀರು ಕಟ್ಟೋದು ಸುಲಭ ಅಂತ. ಆಮೇಲೆ ಏರಿ ಹಾಕಿ ಆ ಕಡೆ ತಿರುಗಿಸಿದ್ದು."

ಕೋಣೆಯಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ. ಹೊರಗೆ ಹೋಗಿ ನೋಡಿದೆವು. ಮೈದಾನದ ಪಕ್ಕದಲ್ಲಿ ಉದ್ದಕ್ಕೂ ತಗ್ಗು, ಬೇಸಿಗೆಯಲ್ಲೂ ಹಸಿರು ಹುಲ್ಲು. ಏರಿ ಅನ್ನುವುದು ಸೊಂಟದೆತ್ತರದ ಮಣ್ಣು, ಎರಡು ಕಡೆ ದನ ಓಡಾಡಿ ಕುಸಿದಿತ್ತು. ಜೋರು ಮಳೆಯಲ್ಲಿ ಆ ಏರಿ ಒಡೆದರೆ ಹಳ್ಳ ನೇರ ಶಾಲೆಗೆ. ಊರಿನವರನ್ನೆಲ್ಲ ಸೇರಿಸಬೇಕು ಅಂತ ನಾವು ಹಸಿರು ವೃತ್ತ ಹಾಕಿದ್ದ ಜಾಗ ಅದು.

ಯಾವ ಉಪಗ್ರಹದಲ್ಲೂ ಅದು ಇರಲಿಲ್ಲ. ಕಾಳಜಿ ಕೇಂದ್ರವನ್ನು ಮೇಲಿನ ದೇವಸ್ಥಾನದ ಸಭಾಭವನಕ್ಕೆ ಬದಲಾಯಿಸಿದೆವು. ಅಜ್ಜಿ ಹೇಳಿದ ಹಳೇ ಹಳ್ಳವನ್ನು ಚುಕ್ಕಿ ಗೆರೆಯಲ್ಲಿ ಬರೆದೆವು. ಅವತ್ತಿನಿಂದ ನಾನು ಯಾವ ಊರಿಗೆ ಹೋದರೂ ಮೊದಲು ಕೇಳುವುದು ಒಂದೇ: ಇಲ್ಲಿ ಎಲ್ಲರಿಗಿಂತ ಹಿರಿಯರು ಯಾರು?

ಮಳೆ ಬಂದರೆ ನಮ್ಮಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಮೊಬೈಲ್ ನಕ್ಷೆ ಏನು ಪ್ರಯೋಜನ?

ಆ ಹೊತ್ತಿಗೆ ಏನೂ ಇಲ್ಲ. ಅದಕ್ಕೇ ಪ್ರತಿ ಊರಿಗೂ ಕಾಗದದ ಮೇಲೆ ಎರಡು ಪ್ರತಿ ತೆಗೆಸಿ ಲ್ಯಾಮಿನೇಷನ್ ಮಾಡಿಸುತ್ತೇವೆ. ಒಂದು ಸೊಸೈಟಿ ಅಥವಾ ಹಾಲಿನ ಡೈರಿ ಗೋಡೆಗೆ, ಇನ್ನೊಂದು ಎತ್ತರದ ಜಾಗದಲ್ಲಿರುವ ಒಂದು ಮನೆಗೆ. ಹಿಂಬದಿಯಲ್ಲಿ ಮಾರ್ಕರ್ ಪೆನ್ನಿನಲ್ಲಿ ಬರೆಯುವುದು ಇಷ್ಟು. ಜಿಲ್ಲಾ ಸಹಾಯವಾಣಿ 1077, ತುರ್ತು ಕರೆಗೆ 112. ಜೀಪ್ ಇರುವವರು ಯಾರು. ಮರ ಕೊಯ್ಯುವ ಮೆಷಿನ್ ಯಾರ ಮನೆಯಲ್ಲಿದೆ. ಸಂಕ ಮುಳುಗಿದರೆ ಸುತ್ತಿ ಹೋಗುವ ದಾರಿ. ಎತ್ತಿಕೊಂಡೇ ಕರೆತರಬೇಕಾದವರು ಯಾವ ಯಾವ ಮನೆಯಲ್ಲಿದ್ದಾರೆ, ಅವರನ್ನು ಕರೆತರುವ ಇಬ್ಬರು ಯಾರು. ಆ ಇಬ್ಬರ ಹೆಸರನ್ನು ಪ್ರತಿ ವರ್ಷ ಮೇ ತಿಂಗಳಲ್ಲಿ ಅಳಿಸಿ ಹೊಸದಾಗಿ ಬರೆಯಬೇಕು, ಯಾಕೆಂದರೆ ಹುಡುಗರು ಕೆಲಸ ಸಿಕ್ಕಿ ಊರು ಬಿಟ್ಟಿರುತ್ತಾರೆ.